ಬೇವಿನ ಮರದ ಹಕ್ಕಿಗೆ ಹೆಸರಿಡಲು ಹೋದದ್ದು

ಧಾರವಾಡ ಬಿಡುವ ಮುನ್ನ

ಗುಜರಾತು ಪರದೇಶವಲ್ಲ ಎಂದು ನನಗೂ ಗೊತ್ತು. ಅಲ್ಲಿಗೆ ಹೋಗಲು ಪಾಸ್‌ಪೋರ್ಟು ಬೇಡ, ರೈಲಿನ ಟಿಕೀಟು ಸಾಕು. ಆದರೂ ಮಾತು ಬಿಟ್ಟ ಗೆಳೆಯನ ಮನೆಗೆ ಗಂಡನನ್ನು ಕರೆದುಕೊಂಡು ಹೊರಟ ಹೆಂಗಸಿಗೆ ಲಂಡನ್ನೇ ಹತ್ತಿರ ಅನ್ನಿಸುತ್ತದೆ. ಎರಡು ಸಾವಿರದ ನಾಲ್ಕನೆಯ ಇಸವಿಯ ಜನವರಿಯಲ್ಲಿ ನಾನು ಹಾಗೆ ಹೊರಟಿದ್ದೆ.

ನಮ್ಮ ಯಜಮಾನರಿಗೂ ಅಹಮದಾಬಾದಿನ ಶ್ರೀನಿವಾಸರಾಯರಿಗೂ ಕಾಲೇಜಿನ ದಿನಗಳಿಂದ ಸ್ನೇಹ. ಇಬ್ಬರಿಗೂ ಹಕ್ಕಿಯ ಹುಚ್ಚು. ನವಿಲು, ಗಿಳಿ, ಮಿಂಚುಳ್ಳಿಯಂಥ ಚೆಂದದ ಹಕ್ಕಿಗಳ ಹುಚ್ಚಾಗಿದ್ದರೆ ನಾನೂ ಸೇರಿಕೊಳ್ಳುತ್ತಿದ್ದೆ. ಇವರಿಗೆ ಬೇಕಾದದ್ದು ಮಾಸಿದ ಹಸಿರು ಬಣ್ಣದ, ಗುಬ್ಬಿಗಿಂತ ಸಣ್ಣ, ಒಂದು ಕ್ಷಣವೂ ಒಂದು ಕಡೆ ನಿಲ್ಲದ ಎಲೆ ಉಲಿಯಕ್ಕಿ. ಅದರಲ್ಲಿ ಹಲವಾರು ಜಾತಿ. ದೇವರು ಒಂದನ್ನು ಮಾಡಿ, ಮಾಡಿದ್ದು ಮರೆತು, ಮತ್ತೆ ಅದನ್ನೇ ಮಾಡುತ್ತ ಹೋದನೇನೋ ಎನ್ನುವಷ್ಟು ಒಂದೇ ಥರ. ರೆಕ್ಕೆಯ ಮೇಲೆ ದಾರದೆಳೆಯಷ್ಟು ಬಿಳಿ ಗೆರೆ ಇದ್ದು, ಕೊಕ್ಕಿನ ಕೆಳಭಾಗ ತಿಳಿಯಾಗಿ, ಕಾಲು ಕಂದಾಗಿದ್ದರೆ ಅದು ಹಸಿರು ಉಲಿಯಕ್ಕಿ. ಚಳಿಗಾಲದಲ್ಲಿ ನಮ್ಮ ಧಾರವಾಡದ ಮಾವಿನ ಮರಗಳ ತುಂಬ ಅದೇ. ಗೆರೆ ಇಲ್ಲದೆ, ಕೊಕ್ಕೂ ಕಾಲೂ ಕರ್ರಗಿದ್ದರೆ ಅದು ಚಿಫ್‌ಚಾಫ್. ನಮ್ಮ ಕಡೆ ಅಪರೂಪ. ಗರಿ ಹಳೆಯದಾದರೆ ಆ ಬಿಳಿ ಗೆರೆ ಸವೆದೂ ಹೋಗುತ್ತದಂತೆ. ಆಗ ಕಾಲೇ ಗತಿ. ಆ ಕಾಲೋ, ಊದುಬತ್ತಿಯ ಕಡ್ಡಿಯಷ್ಟು.

ಇಂಥ ಜಗಳಗಂಟ ಹಕ್ಕಿಗಳಿಗಾಗಿ ಇಬ್ಬರೂ ಕಾಲೇಜಿನಲ್ಲಿದ್ದಾಗಲೇ ಒಂದು ನಿಯಮ ಮಾಡಿಕೊಂಡಿದ್ದರು. ಹಕ್ಕಿ ಕಂಡ ಮೇಲೆ ಯಾರೂ ಅದರ ಹೆಸರು ಎತ್ತಬಾರದು. ಮೊದಲು ಪ್ರತಿಯೊಬ್ಬರೂ ತಾವು ಕಂಡದ್ದನ್ನು ಹೇಳಬೇಕು: ಕಾಲು ಹೀಗಿತ್ತು, ಕೊಕ್ಕು ಹೀಗಿತ್ತು, ಬಾಲ ಹೀಗೆ ಆಡಿಸಿತು. ಎಲ್ಲರದೂ ಮುಗಿದ ಮೇಲೆ ಹೆಸರು. ಒಮ್ಮೆ ಹೆಸರು ಬಾಯಿಂದ ಬಿದ್ದರೆ ಎಲ್ಲರ ಕಣ್ಣಿಗೂ ಅದೇ ಹಕ್ಕಿ ಕಾಣತೊಡಗುತ್ತದೆ ಎನ್ನುವುದು ಅವರ ವಾದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಗಂಡನ ಮಾತುಗಳಲ್ಲಿ ನಾನು ತಕರಾರಿಲ್ಲದೆ ಒಪ್ಪಿದ್ದು ಇದೊಂದನ್ನೇ.

ಮೂರು ವರ್ಷದ ಹಿಂದೆ ಈ ನಿಯಮವನ್ನು ಇಬ್ಬರೂ ಒಟ್ಟಿಗೇ ಮುರಿದರು. ರಾಯರು ಧಾರವಾಡಕ್ಕೆ ಬಂದವರು ನಮ್ಮೂರ ಹಕ್ಕಿಪ್ರೇಮಿಗಳ ಕೂಟದಲ್ಲಿ ಮಾತಾಡುತ್ತ, ತಮ್ಮ ಕಾಲೊನಿಯ ಬೇವಿನ ಮರಕ್ಕೆ ಪ್ರತಿ ಚಳಿಗಾಲ ಚಿಫ್‌ಚಾಫ್ ಬರುತ್ತದೆ ಎಂದರು. ಹಿಂದಿನ ಸಾಲಿನಿಂದ ನಮ್ಮ ಯಜಮಾನರು ಎದ್ದು, "ಅವು ಹಸಿರು ಉಲಿಯಕ್ಕಿ. ಕಾಲು ನೋಡಿ ಮಾತಾಡೋ ಶೀನ್ಯಾ" ಅಂದುಬಿಟ್ಟರು, ಅಷ್ಟು ಜನರೆದುರು. ಅಂದು ನಮ್ಮಲ್ಲಿ ಊಟಕ್ಕೆ ಬರಬೇಕಾಗಿದ್ದ ರಾಯರು ಬರಲಿಲ್ಲ. ಮಾಡಿಟ್ಟ ಹೋಳಿಗೆಯನ್ನು ನಾವಿಬ್ಬರೇ ಮುಖ ಗಂಟು ಹಾಕಿಕೊಂಡು ತಿಂದು ಮುಗಿಸಿದೆವು. ಮರುವರ್ಷ ರಾಯರ ಮಗಳು ಸುಧಾಳ ಮದುವೆಯಾಯಿತು. ಇವರು ಹೋಗಲಿಲ್ಲ, ನನ್ನನ್ನೂ ಕಳಿಸಲಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬಂದಾಗ ಆ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಕೆರೆಯ ಹಕ್ಕಿ ತೋರಿಸಿದವರು ಇವರೇ. ಒಂದು ಹಕ್ಕಿಯ ಕಾಲಿಗಾಗಿ ಅವಳಿಗೆ ಹಾಕಬೇಕಾದ ಅಕ್ಷತೆ ತಪ್ಪಿಸಿಕೊಂಡರು. ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆ ಸುಧಾಳೇ ಫೋನು ಮಾಡಿ ಸಂಕ್ರಮಣಕ್ಕೆ ಅಪ್ಪನ ಮನೆಗೆ ಬನ್ನಿ ಎಂದಳು. ನಾನು ಕೂತು ಕುಸುರೆಳ್ಳು ಮಾಡಿದೆ. ಸಣ್ಣ ಉರಿಯ ಮೇಲೆ ಎಳ್ಳಿಗೆ ಸಕ್ಕರೆಪಾಕ ಹನಿಹನಿಯಾಗಿ ಬಿಟ್ಟು, ಬಿಳಿ ಮುಳ್ಳು ಏಳುವ ತನಕ ಕೈಯಾಡಿಸುತ್ತಲೇ ಇರಬೇಕು. ನಮ್ಮ ಕಡೆ ಸಂಕ್ರಮಣದ ದಿನ ಎಳ್ಳು ಕೈಗಿಟ್ಟರೆ ಮಾತು ಬಿಟ್ಟವರೂ ಮಾತಾಡಲೇಬೇಕು. ಡಬ್ಬಿಯನ್ನು ಯಜಮಾನರ ಮುಂದಿಟ್ಟು, ಇದನ್ನು ನೀವೇ ನಿಮ್ಮ ಕೈಯಾರೆ ರಾಯರಿಗೆ ಕೊಡಬೇಕು ಎಂದೆ.

"ಮೊದಲ ಕಾಲು ನೋಡ್ತೀನಿ. ಎಳ್ಳು ಆಮ್ಯಾಲೆ" ಎಂದರು.

ಸೂರತ್

ಮುಂಬೈಯಲ್ಲಿ ಗಾಡಿ ಬದಲಿಸಿದ ಮೇಲೆ ಎದುರಿನ ಸೀಟಿನಲ್ಲಿ ಗುಜರಾತಿ ದಂಪತಿ ಕೂತಿದ್ದರು. ಗಾಡಿ ಬಿಡುವ ಮೊದಲೇ ಡಬ್ಬಿ ತೆಗೆದು ಥೇಪ್ಲಾ ಎಂಬ ಮೆಂತ್ಯದ ಚಪಾತಿ ನಮ್ಮ ಕೈಗಿಟ್ಟರು. ಹೆಸರು ಕೇಳಿದ್ದು ತಿನ್ನಿಸಿದ ಮೇಲೆಯೇ. ಎಲ್ಲಿಗೆ, ಯಾಕೆ ಎಂದಾಗ ಯಜಮಾನರು ತಮ್ಮ ಹಿಂದಿಯಲ್ಲಿ ಹಕ್ಕಿ ನೋಡಲು ಎಂದರು. ಆ ಮನುಷ್ಯ ಬಹಳ ಹೊತ್ತು ಯೋಚಿಸಿ, ನೋಡಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದ. ಏನೂ ಇಲ್ಲ ಎಂದರು ಇವರು. ಅವನು ಹೆಂಡತಿಯ ಕಡೆ ನೋಡಿ, ಇನ್ನೊಂದು ಥೇಪ್ಲಾ ಕೊಡಿಸಿದ. ಕನಿಕರದಿಂದ ಕೊಟ್ಟದ್ದೆಂದು ನನಗೆ ಗೊತ್ತಾಯಿತು, ಆದರೂ ತಿಂದೆವು.

ಸೂರತ್ತಿನಲ್ಲಿ ನನ್ನ ತಮ್ಮನ ಮಗ ಗಿರೀಶ ಇದ್ದ. ಊರ ಹೊರಗಿನ ಸಚಿನ್ ಎಂಬಲ್ಲಿ, ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಅವನ ಕೆಲಸ. ಗಿರಾಕಿ ಕೊಟ್ಟ ತುಂಡಿಗೂ ಕಾರ್ಖಾನೆಯ ಬಟ್ಟೆಯ ತಾನಿಗೂ ಬಣ್ಣ ಕೂಡುತ್ತದೋ ಇಲ್ಲವೋ ನೋಡುವುದು. ಮೂರು ಹುಡುಗರ ಜೊತೆ ಬಾಡಿಗೆ ಫ್ಲ್ಯಾಟಿನಲ್ಲಿದ್ದ. ನಾವು ಬರುತ್ತೇವೆಂದು ಮನೆ ಗುಡಿಸಿದ್ದರು, ಕಸವನ್ನು ಮಾತ್ರ ಬಾಗಿಲ ಹಿಂದೆ ಇಟ್ಟಿದ್ದರು. ಯಜಮಾನರು ಅವನಿಗೆ ಕಂದುಗಾಲಿಗೂ ಕರಿಗಾಲಿಗೂ ಇರುವ ವ್ಯತ್ಯಾಸ ವಿವರಿಸಿದರು. ಅವನು ಎದ್ದು ಹೋಗಿ ಬಣ್ಣದ ಕಾರ್ಡು ತಂದು, "ಮಾಮಾ, ಇದರಾಗ ಯಾವ ಕಂದು?" ಎಂದ. ಅದರಲ್ಲಿ ಕಂದುಬಣ್ಣವೇ ಒಂದು ಪುಟವಿತ್ತು. ಗುಲಾಬಿ ಎರಡು ಪುಟ: ಗಾಜ್ರಿ, ಬೇಬಿ ಪಿಂಕ್, ರಾಣಿ ಕಲರ್. ರಾಣಿ ಕಲರ್ ಅಂದರೆ ನಮ್ಮ ಕಡೆ ಮದುವೆಯಲ್ಲಿ ಅತ್ತಿಗೆಯರೆಲ್ಲ ಉಟ್ಟು ನಿಲ್ಲುವ ಆ ಗಾಢ ಗುಲಾಬಿ. ಯಜಮಾನರು ಕಂದಿನ ಪುಟವನ್ನು ಬಹಳ ಹೊತ್ತು ನೋಡಿ, ಹಕ್ಕಿ ಅಷ್ಟು ಹೊತ್ತು ಕೂಡೋದಿಲ್ಲೋ ಎಂದು ಕಾರ್ಡು ಮಡಚಿದರು.

ಸಂಜೆ ತಾಪಿ ನದಿಯ ಕಡೆ ಪೋಂಕ್ ತಿನ್ನಲು ಕರೆದೊಯ್ದ. ಪೋಂಕ್ ಅಂದರೆ ನಮ್ಮ ಸೀತನಿಯೇ, ಎಳೆ ಜೋಳವನ್ನು ಸುಟ್ಟು ಬಡಿದದ್ದು. ನಾವು ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿಂದರೆ ಸೂರತ್ತಿನವರು ಸೇವು, ನಿಂಬೆಹಣ್ಣಿನ ಜೊತೆ ತಿನ್ನುತ್ತಾರೆ. ಹೊಲದ ಬದುವಿನಲ್ಲಿ ಕೂತು ತಿನ್ನಬೇಕಾದದ್ದನ್ನು ಇವರು ಸ್ಕೂಟರಿನ ಮೇಲೆ ಕೂತು ತಿನ್ನುವುದು ಕಂಡು ನನಗೆ ಮೊದಲು ಸಿಟ್ಟು ಬಂತು. ತಿಂದ ಮೇಲೆ ಸಿಟ್ಟು ಹೋಯಿತು. ಅಷ್ಟರಲ್ಲಿ ಯಜಮಾನರು ದುರ್ಬೀನು ಎತ್ತಿ ಜಾಲಿಮರವೊಂದನ್ನು ನೋಡತೊಡಗಿದರು. ಪಕ್ಕದವನು ಮೇಲೆ ನೋಡಿದ, ಅವನನ್ನು ನೋಡಿ ಅಂಗಡಿಯವನು, ಆಮೇಲೆ ಸೇವು ತಿನ್ನುತ್ತಿದ್ದ ಇಡೀ ಸೂರತ್ತು. ಇವರು ಬಿಡಲಿಲ್ಲ. ಯಾರೂ ಹೆಸರು ಹೇಳಬೇಡಿ, ಕಂಡದ್ದು ಮಾತ್ರ ಹೇಳಿ ಎಂದು ಗಿರೀಶನಿಂದ ಹೇಳಿಸಿದರು. ಒಬ್ಬ ಗಾಳಿಪಟ ಎಂದ. ಇನ್ನೊಬ್ಬ ಅಡ್ಡಬಂದು, ಅದು ಹೆಸರಾಯಿತು, ಬಣ್ಣ ಹೇಳು ಎಂದು ಅವನನ್ನು ಗದರಿದ. ನಿಯಮ ಇಷ್ಟು ಬೇಗ ಯಾವ ಊರಿನಲ್ಲೂ ಜಾರಿಗೆ ಬಂದದ್ದಿಲ್ಲ.

ಮರಳುವಾಗ ರಸ್ತೆಯ ಬದಿಗೆ ಗಾಳಿಪಟದ ಮಾಂಜಾ ಮಾಡುತ್ತಿದ್ದರು. ಕಂಬದಿಂದ ಕಂಬಕ್ಕೆ ದಾರ ಎಳೆದು, ಗಾಜಿನ ಪುಡಿ ಕಲಸಿದ ಅಂಟನ್ನು ಅದಕ್ಕೆ ಸವರುತ್ತಾರೆ. ಅಂಟಿನ ಬಣ್ಣವೂ ಗುಲಾಬಿ, ಸವರುವವರ ಕೈಯೂ ಮೊಣಕೈತನಕ ಗುಲಾಬಿ. ಮುಟ್ಟಿ ನೋಡಿದೆ. ಬೆರಳಿಗೆ ಹತ್ತಿದ್ದು ಎರಡು ದಿನ ಹೋಗಲಿಲ್ಲ.

ವಡೋದರ

ಅಲ್ಕಾಪುರಿಯಲ್ಲಿ ಸುಧಾಳ ಮನೆ. ಗಂಡ ಮಕರಪುರದ ಕಾರ್ಖಾನೆಗೆ ಹೋಗಿದ್ದ, ಅವಳೊಬ್ಬಳೇ ಇದ್ದಳು. ಬಾಗಿಲು ತೆರೆದು ಕಾಲಿಗೆ ನಮಸ್ಕಾರ ಮಾಡಿದಳು. ಮದುವೆಗೆ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಯಜಮಾನರಿಗೆ ಹಗುರಾಗುತ್ತಿತ್ತು. ಕೇಳದೆ ಇದ್ದದ್ದರಿಂದ ಸೋಫಾದ ತುದಿಯಲ್ಲಿ ಬಾಡಿಗೆ ಬಾಕಿ ಇಟ್ಟವರಂತೆ ಕೂತರು.

ತಟ್ಟೆಯಲ್ಲಿ ಹಳದಿ ಬಣ್ಣದ, ಮೆತ್ತನೆಯ, ಒಗ್ಗರಣೆ ಹಾಕಿದ ತುಂಡುಗಳು ಬಂದವು. ಮಾತು ತೆಗೆಯಲು ಏನಾದರೂ ಬೇಕಿತ್ತು, ಇವರು "ಢೋಕ್ಲಾ ಭಾಳ ಛಲೋ ಆಗ್ಯದ" ಎಂದರು.

"ಕಾಕಾ, ಇದು ಢೋಕ್ಲಾ ನಹೀಂ. ಖಮಣ್" ಎಂದಳು ಸುಧಾ. ಅಹಮದಾಬಾದಿನಲ್ಲಿ ಹುಟ್ಟಿ ಬೆಳೆದ ಅವಳ ಕನ್ನಡ ನಡುನಡುವೆ ಬೇರೆ ಭಾಷೆಯ ಕೈ ಹಿಡಿದು ನಡೆಯುತ್ತದೆ. ಢೋಕ್ಲಾ ಅಕ್ಕಿ ಉದ್ದಿನದು, ಬೆಳ್ಳಗೆ, ಹುದುಗಿಸಿದ್ದು. ಇದು ಕಡಲೆಹಿಟ್ಟಿನದು. ಎರಡಕ್ಕೂ ಒಂದೇ ಹೆಸರು ಹೇಳಿದರೆ ಇಲ್ಲಿಯವರಿಗೆ ಬೇಜಾರಾಗುತ್ತದೆ ಎಂದು ಅವಳು ವಿವರಿಸಿದಳು. ಇವರು ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, ಬಣ್ಣ ಬಿಟ್ಟರೆ ನೋಡಲು ಎರಡೂ ಒಂದೇ ಥರ ಇರುತ್ತವಲ್ಲ ಎಂದು ಗೊಣಗಿದರು.

ನಾನು ಸುಮ್ಮನಿರಲಿಲ್ಲ. "ಹೆಸರು ಮೊದಲ ಹೇಳಿದ್ರಿ. ನಿಯಮ ಏನಾತು?" ಎಂದೆ.

ಸುಧಾ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. ತಟ್ಟೆ ಕೆಳಗಿಟ್ಟು ಕಾಕಾನ ಎದುರಿಗೆ ಕೂತಳು.

"ಕಾಕಾ, ಅಪ್ಪಾ ರೋಜ್ ಟೆರೇಸ್ ಮ್ಯಾಲೆ ಹೋಗ್ತಾರ. ದುರ್ಬೀನ್‌ದಾಗ ಹಕ್ಕಿ ನೋಡ್ತಾರ. ಆಮ್ಯಾಲೆ ಬಾಜೂಕ್ ತಿರುಗಿ 'ವಸ್ಯಾ, ನೋಡಿಲ್ಲೆ' ಅಂತಾರ. ಬಾಜೂಕ್ ಯಾರೂ ಇರೋದಿಲ್ಲ."

ವಸ್ಯಾ ಅಂದರೆ ವಸಂತ, ನಮ್ಮ ಯಜಮಾನರು. ಇವರು ಖಮಣ್ ತಿಂದರು. ಒಂದಾದ ಮೇಲೆ ಒಂದು, ತಟ್ಟೆ ಖಾಲಿಯಾಗುವ ತನಕ. ಹೊರಡುವಾಗ ಸುಧಾ ನನ್ನನ್ನು ಒಳಗೆ ಕರೆದು, ಹಬ್ಬದ ದಿನ ಮಧ್ಯಾಹ್ನ ಫೋನು ಮಾಡುತ್ತೇನೆ, ಇಬ್ಬರೂ ಮಾತಾಡಿದರೋ ಇಲ್ಲವೋ ಅಷ್ಟು ಹೇಳಿ ಸಾಕು ಎಂದಳು.

ಅಹಮದಾಬಾದ್

ರಾಯರು ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಕಾಲೊನಿಯ ಕ್ವಾರ್ಟರ್ಸಿನಲ್ಲಿ ಮನೆ. ಮಹಡಿಯ ಕಟ್ಟೆಗೆ ತಾಗಿಕೊಂಡು ಆ ಜಗಳದ ಬೇವಿನ ಮರ. ಅವರ ಹೆಂಡತಿ ನಳಿನಿ ನನ್ನನ್ನು ಕಂಡು ಬಾಗಿಲಲ್ಲೇ ಅಪ್ಪಿಕೊಂಡಳು. ಗಂಡಸರಿಬ್ಬರೂ ಒಬ್ಬರಿಗೊಬ್ಬರು ಕೈಮುಗಿದರು. ಕೂಡಿ ಒಂದೇ ಬೀಡಿ ಸೇದಿದವರು ಕೈಮುಗಿಯುವುದನ್ನು ನೋಡಲು ಆಗುವುದಿಲ್ಲ.

ಆ ದಿನವೆಲ್ಲ ಮಾತು ನಮ್ಮಿಬ್ಬರ ಮೂಲಕವೇ ನಡೆಯಿತು. ಅವರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಕೇಳು ಎಂದು ರಾಯರು ನಳಿನಿಗೆ ಹೇಳುತ್ತಿದ್ದರು. ಕೇಳುವವರು ಎದುರಿನ ಕುರ್ಚಿಯಲ್ಲೇ ಇದ್ದರು. ಗುಜರಾತಿನಲ್ಲಿ ಈ ಪ್ರಶ್ನೆಗೆ ಅರ್ಥವೂ ಇಲ್ಲ. ಎಷ್ಟು ಹೇಳಿದರೂ ಅವರು ಹಾಕುವುದೇ ಹಾಕುತ್ತಾರೆ, ನಳಿನಿಯ ಕೈಗೂ ಅದೇ ರೂಢಿಯಾಗಿತ್ತು. ಬೇಳೆಸಾರೂ ಸಿಹಿ. ನಮ್ಮ ಧಾರವಾಡದ ಬ್ರಾಹ್ಮಣರ ಅಡಿಗೆಗೂ ಬೆಲ್ಲ ಬೀಳುತ್ತದೆ, ಆದರೆ ಅಲ್ಲಿ ಸಾರಿಗೆ ಬೆಲ್ಲ, ಇಲ್ಲಿ ಬೆಲ್ಲಕ್ಕೆ ಸಾರು. ಚೆನ್ನಾಗಿಲ್ಲ ಎಂದು ಹೇಳುವಂತಿಲ್ಲ, ಚೆನ್ನಾಗಿತ್ತು.

ಸಂಜೆ ಇಬ್ಬರೂ ದುರ್ಬೀನು ಹಿಡಿದು ಮಹಡಿ ಹತ್ತಿದರು, ಬೇರೆ ಬೇರೆ ಹೊತ್ತಿಗೆ. ಇಬ್ಬರೂ ಬೇರೆ ಬೇರೆ ಮೂಲೆಯಲ್ಲಿ ನಿಂತು ಅದೇ ಮರ ನೋಡಿದರು. ಹಕ್ಕಿ ಇತ್ತು. ಎಲೆಗಳ ನಡುವೆ ಎಲೆಯಂತೆಯೇ ಅಲುಗುತ್ತಿತ್ತು. ಕಾಲು ಕಾಣುವ ಹೊತ್ತಿಗೆ ಕೊಂಬೆ ಅಡ್ಡ, ಕೊಂಬೆ ಬಿಟ್ಟರೆ ಸೂರ್ಯ ಅಡ್ಡ. ಕೆಳಗಿಳಿದು ಬಂದ ಯಜಮಾನರು ಬ್ಯಾಗಿನಲ್ಲಿದ್ದ ಎಳ್ಳಿನ ಡಬ್ಬಿಯನ್ನೊಮ್ಮೆ ನೋಡಿ, ಬ್ಯಾಗು ಮುಚ್ಚಿದರು.

ಸಂಕ್ರಮಣದ ದಿನ

ಅಲ್ಲಿ ಅದು ಉತ್ತರಾಯಣ. ನಮ್ಮಲ್ಲಿ ಹಬ್ಬವೆಂದರೆ ಜನ ಮನೆಯೊಳಗೆ ಇರುತ್ತಾರೆ, ಇಲ್ಲಿ ಮನೆಯ ಮೇಲೆ. ಬೆಳಗಾಗುವುದಕ್ಕೂ ಮೊದಲೇ ಇಡೀ ಅಹಮದಾಬಾದು ಮಹಡಿಗೆ ಏರಿತ್ತು. ಅಜ್ಜಿಯರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಊಂಧಿಯು ಎಂಬ ತರಕಾರಿ ಪಲ್ಯ, ಜಿಲೇಬಿ, ಎಳ್ಳಿನ ಚಿಕ್ಕಿ, ಧ್ವನಿವರ್ಧಕದ ಹಾಡು, ಎಲ್ಲವೂ ಮಹಡಿಯ ಮೇಲೆ. ಯಾರದೋ ಗಾಳಿಪಟ ಕಡಿದಾಗಲೆಲ್ಲ "ಕಾಪ್ಯೋ ಛೇ" ಎಂಬ ಕೂಗು ಒಂದು ಮಹಡಿಯಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತಿತ್ತು. ಪಕ್ಕದ ಮನೆಯ ಪಟೇಲರು, ಮಗನ ಪಟ ಮೇಲಿದೆ, ಸ್ವಲ್ಪ ಹಿಡಿಯಿರಿ ಎಂದು ದಾರ ಸುತ್ತಿದ ಫಿರ್ಕಿಯನ್ನು ನನ್ನ ಕೈಗೆ ಕೊಟ್ಟರು. ಸ್ವಲ್ಪ ಎನ್ನುವುದು ಮುಗಿಯಲೇ ಇಲ್ಲ. ನನ್ನ ಎರಡೂ ಕೈ ಮಾಂಜಾದ ಬಣ್ಣದಿಂದ ಗುಲಾಬಿಯಾದವು.

ಯಜಮಾನರು ಪೂರ್ವದ ಮೂಲೆ, ರಾಯರು ಪಶ್ಚಿಮದ ಮೂಲೆ. ಆಕಾಶದ ತುಂಬ ಪಟ ಹಾರುತ್ತಿದ್ದರೂ ಆ ಊರಿನಲ್ಲಿ ಮರ ನೋಡುತ್ತಿದ್ದವರು ಇವರಿಬ್ಬರೇ ಇರಬೇಕು. ಕಟ್ಟೆಯ ಸಮೀಪದ ಕೊಂಬೆಗೆ ಕಡಿದ ಪಟದ ದಾರ ಸಿಕ್ಕಿ ಜೋತಾಡುತ್ತಿತ್ತು. ನೋಡುನೋಡುತ್ತ ಅದರೊಳಗೆ ಏನೋ ಪಟಪಟ ಬಡಿದುಕೊಂಡಿತು. ಹಕ್ಕಿಯೇ. ಅದೇ ಹಕ್ಕಿ.

ಎರಡು ಮೂಲೆಯಿಂದ ಇಬ್ಬರೂ ಓಡಿದರು. ರಾಯರು ಕಟ್ಟೆಯ ಮೇಲೆ ಹೊಟ್ಟೆ ಊರಿ ಕೊಂಬೆ ಬಗ್ಗಿಸಿದರು. ಯಜಮಾನರು ಅವರ ಪ್ಯಾಂಟಿನ ಬೆಲ್ಟು ಹಿಡಿದುಕೊಂಡರು. ನಾನು ಫಿರ್ಕಿಯನ್ನು ನಳಿನಿಗೆ ಕೊಟ್ಟು, ಹಕ್ಕಿಯನ್ನು ಅಂಗೈಯಲ್ಲಿ ಹಿಡಿದೆ. ತೂಕವೇ ಇಲ್ಲ. ಒಂದು ಬಿಸಿ ಮಾತ್ರ, ಅದರೊಳಗೆ ಎಣಿಸಲಾಗದಷ್ಟು ಬೇಗ ಹೊಡೆದುಕೊಳ್ಳುವ ಎದೆ. ದಾರ ಎರಡೂ ಕಾಲಿಗೂ ಒಂದು ರೆಕ್ಕೆಗೂ ಸುತ್ತಿತ್ತು. ನನ್ನ ಕಸೂತಿಯ ಸಣ್ಣ ಕತ್ತರಿ ಚೀಲದಲ್ಲಿತ್ತು. ಯಜಮಾನರು ಕತ್ತರಿಸಿದರು, ರಾಯರು ಒಂದೊಂದೇ ಎಳೆ ಬಿಡಿಸಿದರು. ಅವರಿಬ್ಬರ ಹಣೆ ಒಂದಕ್ಕೊಂದು ತಾಗುತ್ತಿತ್ತು, ಇಬ್ಬರಿಗೂ ಅದರ ಪರಿವೆ ಇರಲಿಲ್ಲ. ಗಾಯವಾಗಿರಲಿಲ್ಲ. ಕೊನೆಯ ಎಳೆ ಬಿದ್ದಮೇಲೆ ನಾನು ಕೈ ಬಿಚ್ಚಿದೆ. ಹಕ್ಕಿ ಒಂದು ಕ್ಷಣ ಕೂತು, ಹಾರಿತು. ಹಾರುವಾಗ ಕೂಗಿರಬೇಕು, ಕೂಗಿನಿಂದಲೂ ಜಾತಿ ಗೊತ್ತಾಗುತ್ತದಂತೆ. ಅದೇ ಹೊತ್ತಿಗೆ ಪಟೇಲರ ಮಗ ಯಾರದೋ ಪಟ ಕಡಿದ, ಕಾಲೊನಿಗೆ ಕಾಲೊನಿಯೇ ಕೂಗಿಕೊಂಡಿತು.

ಗಂಡಸರಿಬ್ಬರೂ ಹಕ್ಕಿ ಹೋದ ಕಡೆ ನೋಡುತ್ತ ನಗುತ್ತಿದ್ದರು. ಆಮೇಲೆ ಎರಡೂ ಮುಖದ ನಗು ಒಟ್ಟಿಗೇ ನಿಂತಿತು.

"ಶೀನ್ಯಾ, ಕಾಲು ನೋಡಿದ್ಯೇನೋ?" ಎಂದರು ಯಜಮಾನರು. ಮೂರು ವರ್ಷದ ಮೇಲೆ ನೇರವಾಗಿ ಆಡಿದ ಮೊದಲ ಮಾತು.

"ಇಲ್ಲೋ. ನಾ ದಾರ ನೋಡ್ತಿದ್ದೆ. ನೀ?"

"ನಾನೂ ದಾರಾನ ನೋಡ್ತಿದ್ದೆ."

ಮೂರು ವರ್ಷ ಮಾತು ಬಿಡಿಸಿದ ಕಾಲು ಮೂಗಿನ ತುದಿಗೆ ಬಂದಿತ್ತು, ನೋಡುವುದನ್ನು ಮರೆತಿದ್ದರು. ಇಬ್ಬರೂ ಒಮ್ಮೆಲೇ ನನ್ನ ಕಡೆ ತಿರುಗಿದರು.

"ವೈನಿ, ಹೆಸರು ಹೇಳಬ್ಯಾಡ್ರಿ. ಕಂಡದ್ದಷ್ಟ ಹೇಳ್ರಿ" ಎಂದರು ರಾಯರು. "ಕಾಲಿನ ಬಣ್ಣ?"

ನಾನು ನೋಡಿದ್ದೆ. ಕಂಡದ್ದನ್ನು ಕಂಡ ಹಾಗೆ ಹೇಳುವುದು ನಿಯಮ.

"ಗುಲಾಬಿ" ಎಂದೆ.

"ಎಂಥಾ ಗುಲಾಬಿ?"

"ರಾಣಿ ಕಲರ್."

ಇಬ್ಬರೂ ನನ್ನ ಕೈ ನೋಡಿದರು. ಆಮೇಲೆ ತಮ್ಮ ತಮ್ಮ ಕೈ ನೋಡಿಕೊಂಡರು. ಕೊಕ್ಕು ಹೇಗಿತ್ತು ಎಂದು ಯಜಮಾನರು ಕೇಳಿದರು. ಕಚ್ಚಿತು ಎಂದೆ. ರೆಕ್ಕೆಯ ಬಿಳಿ ಗೆರೆ? ಒಂದು ರೆಕ್ಕೆ ನನ್ನ ಹೆಬ್ಬೆರಳ ಕೆಳಗಿತ್ತು, ಇನ್ನೊಂದಕ್ಕೆ ಅಂಟು ಮೆತ್ತಿತ್ತು. ಅಷ್ಟರಲ್ಲಿ ಫಿರ್ಕಿ ಹಿಡಿದಿದ್ದ ನಳಿನಿ ನಗತೊಡಗಿದಳು. ತಡೆಯಲಾರದೆ ನಾನೂ ನಕ್ಕೆ. ಯಜಮಾನರು ನಗಲಿಲ್ಲ. ದಡದಡನೆ ಕೆಳಗಿಳಿದು ಹೋದರು.

ಸಿಟ್ಟಾದರೇನೋ ಎಂದುಕೊಂಡೆ. ಏದುಸಿರು ಬಿಡುತ್ತ ಮೇಲೆ ಬಂದರು. ಕೈಯಲ್ಲಿ ಎಳ್ಳಿನ ಡಬ್ಬಿ ಇತ್ತು. ಒಂದು ಹಿಡಿ ತೆಗೆದು ರಾಯರ ಕೈಗಿಟ್ಟರು. ಅಷ್ಟು ದಿನ ಕೂತು ಬೆಳ್ಳಗೆ ಮಾಡಿದ ನನ್ನ ಕುಸುರೆಳ್ಳು ನಾಲ್ಕೂ ಕೈಯ ಬಣ್ಣ ಹತ್ತಿ ಗುಲಾಬಿಯಾಯಿತು.

"ಇರಲಿ ಬಿಡೋ. ಚಿಫ್‌ಚಾಫೇ ಅನ್ನು. ನಾ ಒಪ್ಪಿದೆ" ಎಂದರು.

ರಾಯರು ಎಳ್ಳು ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಅಲ್ಲೇ ನಿಂತರು.

"ಒಪ್ಪೋದಂದ್ರ? ಕಾಲು ನೋಡದ ಹ್ಯಾಂಗ ಒಪ್ತಿ? ಹಂಚಲಿಕ್ಕೆ ಅದೇನು ಎಳ್ಳೇನು? ನಿನ್ನ ದಾನದ ಚಿಫ್‌ಚಾಫ್ ನನಗ ಬ್ಯಾಡ."

ಅಲ್ಲಿಂದ ಶುರುವಾದದ್ದು ಊಟದ ಹೊತ್ತಿಗೂ ಮುಗಿಯಲಿಲ್ಲ. ಕೆಳಗೆ ಹಾಲಿನಲ್ಲಿ ಒಂದೇ ಸೋಫಾದ ಮೇಲೆ ಕೂತು, ಹಕ್ಕಿ ಬಾಲವನ್ನು ಕೆಳಗೆ ಕುಕ್ಕಿತೋ ಇಲ್ಲವೋ ಎಂದು ಒಬ್ಬರ ತೊಡೆ ಒಬ್ಬರು ಬಡಿಯುತ್ತ ಗಂಟಲು ಹರಿಯುವಂತೆ ವಾದಿಸುತ್ತಿದ್ದರು. ನಳಿನಿ ಎರಡು ಸಲ ಎಲೆ ಹಾಕಿದ್ದೇನೆ ಎಂದು ಹೇಳಿ ಹೋದಳು. ಆಗ ಫೋನು ಬಂತು.

"ಕಾಕು, ಮಾತಾಡಿದ್ರಾ?" ಎಂದಳು ಸುಧಾ.

ನಾನು ಏನು ಹೇಳಿದರೂ ಆ ಗದ್ದಲದಲ್ಲಿ ಅವಳಿಗೆ ಕೇಳಿಸುವಂತಿರಲಿಲ್ಲ. ರಿಸೀವರನ್ನು ಸೋಫಾದ ಕಡೆ ತಿರುಗಿಸಿ ಹಿಡಿದೆ. ಬಾಲ ಆಡಿಸಲಿಲ್ಲೋ ಮಾರಾಯಾ, ಆಡಿಸಿತು ಅಂತೀನಿ, ನಿನಗ ಕಣ್ಣಿಲ್ಲ, ನಿನಗ ಯಾವಾಗ ಇದ್ದವು. ಸ್ವಲ್ಪ ಹೊತ್ತಿನ ಮೇಲೆ ಕಿವಿಗಿಟ್ಟು ನೋಡಿದೆ. ಆ ಕಡೆ ಅವಳು ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು.

"ಕಾಕು, ಇಡಬ್ಯಾಡ್ರಿ. ಇನ್ನೊಂದ್ ಸ್ವಲ್ಪ ಹಂಗ ಹಿಡೀರಿ."

ಊಟ ಆರಿಹೋಗುತ್ತಿತ್ತು. ನಾನು ಹಾಗೆಯೇ ಹಿಡಿದುಕೊಂಡು ನಿಂತೆ.